ಶೇಂಗಾ, ನವಲಗುಂದದ ಜಮಖಾನೆ, ಮತ್ತೆ ನಮ್ಮನೆ ನೆಲ

ಮನೇಲಿ ನಾಯಿಮರಿ ತಂದಿದೀವಿ ಅಂದ್ರೆ ಸಾಕು, ಹೆಸರೇನು, ಬಣ್ಣ ಯಾವ್ದು ಅಂತ ಕೇಳೋ ಮುಂಚೆನೇ ಜನ "ಅಯ್ಯೋ, ನೆಲ ಎಲ್ಲಾ?" ಅಂತಾರೆ. ಇದು ನ್ಯಾಯವಾದ ಪ್ರಶ್ನೆನೇ. ಹಾಗಾಗಿ ಇದಕ್ಕೆ ಸರಿಯಾಗಿ ಕೂತು ಉತ್ತರ ಬರೀಬೇಕು ಅಂತ ಬಹಳ ದಿನದಿಂದ ಅಂದ್ಕೊಳ್ತಿದ್ದೆ.

ನಾನು ಬೆಳೆದಿದ್ದು ಧಾರವಾಡದಲ್ಲಿ. ಅಲ್ಲಿನ ಮನೇಲಿ ನಾಯಿ ಇತ್ತು, ಆದ್ರೆ ನೆಲದ ಪ್ರಶ್ನೆ ಇರಲಿಲ್ಲ, ಯಾಕಂದ್ರೆ ನಾಯಿ ಇರ್ತಿದ್ದದ್ದು ಅಂಗಳದಲ್ಲಿ, ಮಳೆ ಬಂದ್ರೆ ಕಟ್ಟೆ ಮೇಲೆ, ಹೊಸ್ತಿಲು ದಾಟಿ ಪಡಸಾಲೆಗೆ ಬಂದದ್ದು ನಂಗೆ ನೆನಪಿಲ್ಲ. ಅದಕ್ಕೆ ಯಾರೂ ಏನೂ ಕಲಿಸಲೂ ಇಲ್ಲ, ಬೆಳಗ್ಗೆ ಎದ್ದು ಬೇವಿನಮರದ ಕಡೆ ಹೋಗ್ತಿತ್ತು, ಬರ್ತಿತ್ತು, ಅಷ್ಟೇ. ಈಗ ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಲ್ಲಿ ಅಂಗಳವೂ ಇಲ್ಲ, ಕಟ್ಟೆಯೂ ಇಲ್ಲ, ನಾಯಿ ಬೇಕು ಅಂದ್ರೆ ಅದು ನಮ್ ಜೊತೆ ಒಳಗೇ ಇರ್ಬೇಕು, ಹಾಲಲ್ಲಿ ಮಲಗ್ಬೇಕು, ಅಡುಗೆಮನೆ ಬಾಗಿಲಲ್ಲಿ ಕೂತು ನಾವು ಚಪಾತಿ ಲಟ್ಟಿಸೋದನ್ನ ನೋಡ್ಬೇಕು. ಅಂದ್ರೆ ಮನೆಯೊಳಗೆ ನಾಯಿ ಬೆಳೆಸೋ ಕೆಲಸ ನಮ್ಮಲ್ಲಿ ಬಹಳಷ್ಟು ಕುಟುಂಬಗಳಿಗೆ ಇದೇ ತಲೆಮಾರಲ್ಲಿ ಶುರುವಾಗಿದ್ದು. ಹಿರಿಯರ ಹತ್ರ ಹಸು ಬಗ್ಗೆ ಕೇಳಿದ್ರೆ ಗಂಟೆಗಟ್ಟಲೆ ಹೇಳ್ತಾರೆ, ಆದ್ರೆ ನಾಕನೇ ಫ್ಲೋರಲ್ಲಿರೋ ಎರಡು ತಿಂಗಳ ಮರಿಗೆ ಎಲ್ಲಿ ಸುಸು ಮಾಡ್ಬೇಕು ಅಂತ ಕಲಿಸೋದು ಹೇಗೆ ಅಂದ್ರೆ ಅವರಿಗೂ ಹೊಸದೇ.

ಶೇಂಗಾ ನಮ್ಮ ರಸ್ತೆ ಕೊನೇಲಿರೋ ಎಳನೀರು ಗಾಡಿ ಹಿಂದಿನ ಖಾಲಿ ಸೈಟಲ್ಲಿ ಹುಟ್ಟಿದ ಮರಿ. ನಾಟಿ ನಾಯಿ, ಹೆಣ್ಣು, ಹುರಿದ ಶೇಂಗಾಬೀಜದ ಬಣ್ಣ, ಅದಕ್ಕೇ ಆ ಹೆಸರು. ಅವಳು ಬರೋ ಹೊತ್ತಿಗೆ ನಮ್ಮ ಹಾಲಲ್ಲಿ ಇದ್ದದ್ದು ಬಿಲ್ಡರ್ ಹಾಕಿಕೊಟ್ಟ ಕ್ರೀಮ್ ಬಣ್ಣದ ವಿಟ್ರಿಫೈಡ್ ಟೈಲ್ಸ್, ಅದರ ಮೇಲೆ ನಮ್ಮಜ್ಜಿ ಕಾಲದ ನವಲಗುಂದದ ಜಮಖಾನೆ.

ಈ ಜಮಖಾನೆ ಬಗ್ಗೆ ಸ್ವಲ್ಪ ಹೇಳ್ಲೇಬೇಕು. ನವಲಗುಂದ ಧಾರವಾಡ ಜಿಲ್ಲೆಯದ್ದೇ ಊರು, ಹೋಳಿಹಬ್ಬದ ಕಾಮಣ್ಣನಿಗೆ ಹೇಗೆ ಹೆಸರುವಾಸಿನೋ ಜಮಖಾನೆಗೂ ಹಾಗೇ. ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ ಅಲ್ಲಿಂದ ಬಂದ ನೇಕಾರ ಕುಟುಂಬಗಳ ಕಸುಬು ಅಂತ ಹೇಳ್ತಾರೆ. ಹತ್ತಿ ನೂಲು, ನೆಟ್ಟಗೆ ನಿಲ್ಲಿಸಿದ ಮಗ್ಗ, ನೇಯೋರು ಹೆಣ್ಣುಮಕ್ಕಳು. ನವಿಲು, ಪಗಡೆ ಹಾಸಿನಂಥ ಚೌಕಗಳು, ಗಾಢವಾದ ಕೆಂಪು, ಹಳದಿ, ಹಸಿರು. 2011ರಲ್ಲಿ ಜಿಐ ಟ್ಯಾಗ್, ಅಂದ್ರೆ ಇದು ಆ ಊರಿನದ್ದೇ ಅನ್ನೋ ಸರ್ಕಾರಿ ಮಾನ್ಯತೆ ಸಿಕ್ಕಿದೆ, ಆದ್ರೆ ಈಗ ನೇಯೋ ಕೈಗಳು ಬೆರಳೆಣಿಕೆಯಷ್ಟು. ನಮ್ಮನೆ ಜಮಖಾನೆ ಮೇಲೆ ತೊಟ್ಟಿಲು ಶಾಸ್ತ್ರ ಆಗಿದೆ, ಭಜನೆ ಆಗಿದೆ, ಅಜ್ಜ ಅದರ ಮೇಲೇ ಕೂತು ಎಲೆಅಡಿಕೆ ಹಾಕೋರು. ಇನ್ನೊಂದು ಕೊಂಡ್ರಾಯ್ತು ಅಂತ ಹೇಳೋಕಾಗದ ವಸ್ತು ಅದು. ಹಾಗಂತ ಮರಿ ಬೇಡ ಅನ್ನೋಕೂ ನಂಗಾಗಲಿಲ್ಲ. ಎರಡೂ ಇರ್ಬೇಕು, ಎರಡೂ ಚೆನ್ನಾಗಿರ್ಬೇಕು. ಮುಂದೆ ಬರೆದಿದ್ದೆಲ್ಲಾ ಆ ಹಟದಿಂದ ಹುಟ್ಟಿದ್ದು.

ನಂಗೆ ಕಣ್ಣು ತೆರೆಸಿದ ವಿಷಯ ಅಂದ್ರೆ ನಾಯಿಮರಿ ಕಾಲಿನಿಂದ ಕಲಿಯುತ್ತೆ ಅನ್ನೋದು. ಹುಟ್ಟಿದ ಮೊದಲ ಎರಡು ಮೂರು ವಾರ ತಾಯಿ ನೆಕ್ಕಿದ್ರೆ ಮಾತ್ರ ಮರಿಗೆ ಸುಸು ಕಕ್ಕ ಎರಡೂ ಆಗುತ್ತೆ, ಕ್ಲೀನಿಂಗೂ ಅವಳದ್ದೇ. ಆಮೇಲೆ ಮರಿ ತೆವಳಿಕೊಂಡಾದ್ರೂ ಮಲಗೋ ಜಾಗದಿಂದ ಆಚೆ ಹೋಗಿ ಮಾಡೋಕೆ ಶುರು ಮಾಡುತ್ತೆ, ಇದು ಯಾರೂ ಕಲಿಸದೇ ಬರೋ ಬುದ್ಧಿ. ಏಳೆಂಟು ವಾರದ ಹೊತ್ತಿಗೆ ಪಾದದ ಕೆಳಗೆ ಯಾವ ಥರದ ನೆಲ ಸಿಕ್ಕಾಗ ಮಾಡಿತ್ತೋ ಅದೇ ಥರದ್ದನ್ನ ಹುಡುಕೋ ಅಭ್ಯಾಸ ಗಟ್ಟಿ ಆಗುತ್ತೆ. ಪೇಪರ್ ಮೇಲೆ ಬೆಳೆದ ಮರಿ ಪೇಪರ್ ಹುಡುಕುತ್ತೆ, ಸಿಮೆಂಟ್ ಮೇಲೆ ಬೆಳೆದದ್ದು ಸಿಮೆಂಟ್ ಹುಡುಕುತ್ತೆ. ಶೇಂಗಾ ಹುಟ್ಟಿದ್ದು ಮಣ್ಣಲ್ಲಿ. ಅವಳ ಪಾದಕ್ಕೆ ಗೊತ್ತಿದ್ದ ಟಾಯ್ಲೆಟ್ ಅಂದ್ರೆ ಮೆತ್ತಗಿರ್ಬೇಕು, ಹಿಡಿತ ಸಿಗ್ಬೇಕು, ಬಿದ್ದಿದ್ದನ್ನ ಹೀರ್ಕೋಬೇಕು. ನಮ್ಮ ಇಡೀ ಮನೇಲಿ ಆ ಮೂರೂ ಗುಣ ಇದ್ದ ಜಾಗ ಒಂದೇ, ಅಜ್ಜಿಯ ಜಮಖಾನೆ. ಟೈಲ್ಸ್ ಮೇಲೆ ಮಾಡಿದ್ರೆ ಕಾಲಿಗೆ ಸಿಡಿಯುತ್ತೆ, ಕಾಲು ಜಾರುತ್ತೆ. ಇಷ್ಟು ದೊಡ್ಡ ಹಾಲ್ ಬಿಟ್ಟು ಹುಡುಕಿ ಹುಡುಕಿ ಕಾರ್ಪೆಟ್ ಮೇಲೇ ಮಾಡುತ್ತೆ ಅಂತ ಜನ ಹೇಳ್ತಾರಲ್ಲ, ಅದರಲ್ಲಿ ಹಟವೂ ಇಲ್ಲ, ಸೇಡೂ ಇಲ್ಲ, ಮರಿ ತನಗೆ ಗೊತ್ತಿರೋ ಪ್ರಕಾರ ಅತ್ಯಂತ ಸರಿಯಾದ ಜಾಗವನ್ನೇ ಆರಿಸಿಕೊಂಡಿರುತ್ತೆ.

ಹಾಗಾದ್ರೆ ಹಾಸಿದ್ದನ್ನೆಲ್ಲಾ ಸುತ್ತಿ ಅಟ್ಟಕ್ಕೆ ಹಾಕಿ ಬರೀ ನೆಲದಲ್ಲಿ ಮರಿ ಬೆಳೆಸೋದೇ ಒಳ್ಳೇದಲ್ವಾ? ಬಹಳ ಜನ ಕೊಡೋ ಸಲಹೆ ಇದು, ನಾನು ಒಪ್ಪಲ್ಲ. ನುಣುಪು ಟೈಲ್ಸ್ ಮೇಲೆ ಎರಡು ತಿಂಗಳ ಮರಿ ಓಡೋದನ್ನ ಕೆಳಗೆ ಕೂತು ಒಂದ್ಸಲ ನೋಡಿ. ಮುಂದಿನ ಕಾಲು ನಿಂತಿರುತ್ತೆ, ಹಿಂದಿನ ಎರಡೂ ಕಾಲು ಪಕ್ಕಕ್ಕೆ ಹರಡ್ಕೊಂಡು ಹೊಟ್ಟೆ ನೆಲಕ್ಕೆ ಬಡಿಯುತ್ತೆ, ಏಳೋಕೆ ಉಗುರಲ್ಲಿ ಕೆರೆಯುತ್ತೆ, ಗಾಜಿನಂಥ ಮೈ, ಉಗುರಿಗೆ ಏನೂ ಸಿಗಲ್ಲ. ಮೊದಲ ಕೆಲವು ತಿಂಗಳು ಸೊಂಟದ ಕೀಲಿನ ಚಿಪ್ಪು ಇನ್ನೂ ರೂಪ ತಗೋತಾ ಇರುತ್ತೆ. ನಾರ್ವೆಯಲ್ಲಿ ಲ್ಯಾಬ್ರಡಾರ್, ನ್ಯೂಫೌಂಡ್‌ಲ್ಯಾಂಡ್ ಥರದ ದೊಡ್ಡ ತಳಿಗಳನ್ನ ಇಟ್ಕೊಂಡು ಮಾಡಿ 2012ರಲ್ಲಿ ಪ್ರಕಟ ಮಾಡಿದ ಅಧ್ಯಯನದಲ್ಲಿ, ಮೂರು ತಿಂಗಳ ಒಳಗೆ ದಿನಾ ಮೆಟ್ಟಿಲು ಹತ್ತಿ ಇಳಿದ ಮರಿಗಳಲ್ಲಿ ಹಿಪ್ ಡಿಸ್‌ಪ್ಲೇಸಿಯಾ, ಅಂದ್ರೆ ಸೊಂಟದ ಕೀಲು ಸರಿಯಾಗಿ ಕೂರದ ತೊಂದ್ರೆ ಹೆಚ್ಚು, ಮೆತ್ತನೆ ನೆಲದಲ್ಲಿ ಹೊರಗೆ ಓಡಾಡಿದ ಮರಿಗಳಲ್ಲಿ ಕಡಿಮೆ ಅಂತ ಕಂಡಿತ್ತು. ನಮ್ಮದು ನಾಟಿ ಮರಿ, ಮೈ ಹಗುರ, ಆದ್ರೂ ಕೀಲು ಕೀಲೇ ಅಲ್ವಾ. ಅಂದ್ರೆ ನೆಲ ಉಳಿಸೋಕೆ ಹಾಸು ತೆಗೆದ್ರೆ ಮರಿ ಕಾಲಿಗೆ ತೊಂದ್ರೆ, ಕಾಲು ಉಳಿಸೋಕೆ ಹಾಸು ಹಾಕಿದ್ರೆ ಆ ಹಾಸಿಗೇ (ಜಮಖಾನೆಗೇ) ತೊಂದ್ರೆ. ನಾಯಿಮರಿ ಇರೋ ಪ್ರತಿ ಮನೇಲೂ ಇರೋ ಗಂಟು ಇದು, ಇದನ್ನ ಬಿಡಿಸದೇ ಫಿನಾಯಿಲ್ ಬಾಟ್ಲು ಖಾಲಿ ಮಾಡ್ತಾ ಕೂತ್ರೆ ಪ್ರಯೋಜನ ಇಲ್ಲ.

ನಾವು ಬಿಡಿಸ್ಕೊಂಡಿದ್ದು ಹೀಗೆ. ಜಮಖಾನೆ ಕೊಡವಿ, ಬಿಸಿಲಿಗೆ ಹಾಕಿ, ಒಣಗಿದ ಬೇವಿನೆಲೆ ಇಟ್ಟು ಸುತ್ತಿ, ಹಳೇ ಕಾಟನ್ ಸೀರೇಲಿ ಕಟ್ಟಿ ಬೀರು ಮೇಲೆ ಇಟ್ವಿ. ನುಸಿಗುಳಿಗೆ ಹಾಕಲಿಲ್ಲ, ನ್ಯಾಫ್ತಲಿನ್ ನಾಯಿಗೆ ವಿಷ, ಒಂದು ಗುಳಿಗೆ ಉರುಳಿ ಕೆಳಗೆ ಬಿದ್ರೂ ಮರಿ ಬಾಯಿಗೆ ಹೋಗುತ್ತೆ. ಜಮಖಾನೆ ಇದ್ದ ಜಾಗಕ್ಕೆ ಅವ್ವ ಧಾರವಾಡದಿಂದ ಬರುವಾಗ ಕೌದಿ ತಂದ್ಳು. ಹಳೇ ಸೀರೆ ಪದರ ಪದರ ಹಾಕಿ ಹೊಲಿದ, ನೂರು ಸಲ ಒಗೆದು ಮೆತ್ತಗಾದ ಕೌದಿ. ಅದಕ್ಕೆ ಏನಾದ್ರೂ ಆದ್ರೆ ಎತ್ತಿ ಬಕೆಟ್‌ಗೆ ಹಾಕಿದ್ರಾಯ್ತು. ಕೌದಿ ಟೈಲ್ಸ್ ಮೇಲೆ ಜಾರುತ್ತೆ, ಅದಕ್ಕೆ ಕೆಳಗೆ ತೂತು ತೂತಿನ ರಬ್ಬರ್ ಜಾಲಿ ಹಾಕಿದ್ವಿ, ಕಾರ್ಪೆಟ್ ಅಂಗಡಿಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡ್ತಾರೆ. ಅವಳು ಮಲಗೋ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಲ್ಕನಿಗೆ ಹಳೇ ಯೋಗ ಮ್ಯಾಟ್ ಉದ್ದುದ್ದ ಕತ್ತರಿಸಿ ದಾರಿ ಮಾಡಿದ್ವಿ. ಇದರಿಂದ ಒಂದು ದೊಡ್ಡ ಲಾಭ ಆಯ್ತು, ಜಾರದ ದಾರಿ ಎಲ್ಲಿಗೆ ಹೋಗುತ್ತೋ ಮರಿ ಅಲ್ಲಿಗೇ ಹೋಗುತ್ತೆ. ಬಾಲ್ಕನಿ ಕಡೆ ಹೋಗೋದು ಅವಳಿಗೆ ಮನೇಲೇ ಅತಿ ಸುಲಭದ ಓಡಾಟ ಆಗಿಬಿಡ್ತು.

ಬಾಲ್ಕನಿ ಯಾಕೆ ಅಂದ್ರೆ ಲಸಿಕೆ. ಮರಿಗೆ ಆರೆಂಟು ವಾರಕ್ಕೆ ಮೊದಲ ಡೋಸ್, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರದ ತನಕ, ಮೂರು ತಿಂಗಳ ಹೊತ್ತಿಗೆ ರೇಬೀಸ್. ಅಲ್ಲಿವರೆಗೂ ಬೇರೆ ನಾಯಿಗಳು ಓಡಾಡೋ ರಸ್ತೆಬದಿ, ಪಾರ್ಕ್ ನೆಲಕ್ಕೆ ಇಳಿಸಬೇಡಿ ಅಂತ ಡಾಕ್ಟ್ರು ಖಡಕ್ಕಾಗಿ ಹೇಳಿದ್ರು. ಮರಿಗಳಿಗೆ ವಾಂತಿ ಭೇದಿ ತಂದು ಜೀವಕ್ಕೇ ಕುತ್ತು ತರೋ ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ, ಸಾಮಾನ್ಯ ಫಿನಾಯಿಲ್ಲಿಗೆ ಅದು ಜಗ್ಗಲ್ಲ. ಹೀಗಾಗಿ ಮನೆಯೊಳಗೇ ಒಂದು ಜಾಗ ಬೇಕಿತ್ತು. ಮರಿ ಸುಸು ಮಾಡೋಕೆ ಅಂತಲೇ ನೆಲಕ್ಕೆ ಹಾಸೋ ಪೀ ಪ್ಯಾಡ್ ತರಬಹುದಿತ್ತು, ಆದ್ರೆ ಅದು ಕಾಲಿಗೆ ಬಟ್ಟೆ ಥರಾನೇ ಇರೋದು, ಬಟ್ಟೆ ಮೇಲೆ ಮಾಡ್ಬಹುದು ಅಂತ ಕಲಿಸಿ ಆಮೇಲೆ ಜಮಖಾನೆ ಮೇಲೆ ಮಾತ್ರ ಬೇಡ ಅಂದ್ರೆ ಆ ಕೂಸು ಏನ್ ಅರ್ಥ ಮಾಡ್ಕೋಬೇಕು? ಅದಕ್ಕೆ ನರ್ಸರಿಯಿಂದ ಚಾಪೆ ಥರ ಕೊಯ್ದು ಮಾರೋ ಲಾನ್ ಹುಲ್ಲು ತಂದು, ಅಗಲದ ಪ್ಲಾಸ್ಟಿಕ್ ಟ್ರೇಗೆ ಮಣ್ಣು ಹಾಕಿ, ಅದರ ಮೇಲೆ ಹಾಸಿದ್ವಿ. ಟ್ರೇ ತಳಕ್ಕೆ ತೂತು, ಅದರ ಕೆಳಗೆ ಇನ್ನೊಂದು ಟ್ರೇ. ದಿನಾ ಒಂದು ಚೊಂಬು ನೀರು ಹೊಯ್ದು ತೊಳೆಯೋದು, ಹುಲ್ಲು ಹಳದಿ ಆದ ಮೇಲೆ ಬದಲಾಯಿಸೋದು. ಶೇಂಗಾ ಮೊದಲ ಸಲ ಆ ಹುಲ್ಲಿನ ಮೇಲೆ ಕಾಲಿಟ್ಟಾಗ ಮೂಗು ಒಳಗೆ ತೂರಿಸಿ ಮಣ್ಣು ಮೂಸಿದ್ಳು, ಎರಡು ಸುತ್ತು ಸುತ್ತಿದ್ಳು, ಕೂತ್ಳು, ಮಾಡಿದ್ಳು. ಅವಳ ಪಾದಕ್ಕೆ ತನ್ನ ಖಾಲಿ ಸೈಟು ಸಿಕ್ಕಿತ್ತು. ನಂಗೆ ಗಂಟಲು ಕಟ್ಟಿತು ಅಂತ ಹೇಳೋಕೆ ಸಂಕೋಚ ಇಲ್ಲ.

ಜಾಗ ಆಯ್ತು, ಇನ್ನು ಹೊತ್ತು. ಮರಿಗೆ ಎಷ್ಟು ತಿಂಗಳೋ ಹೆಚ್ಚುಕಮ್ಮಿ ಅಷ್ಟು ಗಂಟೆ ತಡ್ಕೊಳ್ಳುತ್ತೆ ಅನ್ನೋದು ಒಂದು ಅಂದಾಜು ಲೆಕ್ಕ, ಅದೂ ಸುಮ್ನೆ ಮಲಗಿದ್ದಾಗ. ಎದ್ದಿದ್ದಾಗ ಲೆಕ್ಕವೇ ಬೇರೆ. ನಿದ್ದೆಯಿಂದ ಎದ್ದ ಕೂಡ್ಲೆ, ಊಟ ಆದ ಹತ್ತು ಹದಿನೈದು ನಿಮಿಷಕ್ಕೆ, ನೀರು ಕುಡಿದ ಮೇಲೆ, ಆಟದ ಮಧ್ಯೆ, ಯಾರಾದ್ರೂ ಮನೆಗೆ ಬಂದಾಗ. ಇಷ್ಟು ಹೊತ್ತುಗಳನ್ನ ಹಿಡಿದ್ರೆ ಮುಕ್ಕಾಲು ಕೆಲಸ ಮುಗೀತು. ಮರಿ ಆಡ್ತಾ ಆಡ್ತಾ ಇದ್ದಕ್ಕಿದ್ದಂತೆ ಆಟ ಬಿಟ್ಟು ಮೂಗು ನೆಲಕ್ಕೆ ಹಚ್ಚಿ ಗೋಡೆ ಬದಿಗೆ ನಡೀತು ಅಂದ್ರೆ ಮೊಬೈಲ್ ಕೆಳಗಿಟ್ಟು ಏಳಿ. ಹುಲ್ಲಿನ ಮೇಲೆ ಮಾಡಿದ ಕ್ಷಣಕ್ಕೇ, ಒಳಗೆ ಬಂದ ಮೇಲೆ ಅಲ್ಲ, ಅಲ್ಲೇ ನಿಂತು ಒಂದು ಚೂರು ಬೇಯಿಸಿದ ಚಿಕನ್ನೋ ಪನೀರೋ ಕೊಡ್ಬೇಕು. ರಾತ್ರಿ ಅವಳ ಬುಟ್ಟಿ ನಮ್ಮ ಮಂಚದ ಪಕ್ಕದಲ್ಲೇ, ಕುಂಯ್ ಅಂದ್ರೆ ಎತ್ಕೊಂಡು ಬಾಲ್ಕನಿಗೆ, ಲೈಟ್ ಹಾಕದೆ, ಮಾತಾಡದೆ, ವಾಪಸ್ ಬುಟ್ಟಿಗೆ. ನಾವಿಬ್ರೂ ಸರದಿ ಹಾಕ್ಕೊಂಡಿದ್ವಿ. ನಿದ್ದೆ ಕೆಡುತ್ತೆ, ನಿಜ, ಅದಕ್ಕೆ ಬೇರೆ ದಾರಿ ಇಲ್ಲ. ಕಣ್ಣಿಡೋಕೆ ಆಗದ ಹೊತ್ತಲ್ಲಿ, ಅಂದ್ರೆ ಆಫೀಸ್ ಕಾಲ್ ಇದ್ದಾಗ ಅಡುಗೆ ಮಾಡುವಾಗ ಎಲ್ಲಾ, ಮಕ್ಕಳ ಗೇಟ್ ಹಾಕಿದ ಮೂಲೇಲಿ ಅವಳ ಕೌದಿ, ಆಟಿಕೆ, ನೀರು ಇಟ್ಟು ಬಿಡ್ತಿದ್ವಿ, ತಾನು ಮಲಗೋ ಜಾಗ ಹೊಲಸು ಮಾಡ್ಕೋಬಾರದು ಅನ್ನೋ ಹುಟ್ಟುಬುದ್ಧಿ ಆಗ ನಮ್ಮ ಕೈ ಹಿಡಿಯುತ್ತೆ.

ಇಷ್ಟೆಲ್ಲಾ ಮಾಡಿದ್ರೂ ಒಳಗೆ ಆಗುತ್ತೆ. ಆಗ ಬೈಬೇಕಾ?

ಮೂಗು ಹಿಡಿದು ಅದರಲ್ಲೇ ಉಜ್ಜಿ, ಆಗ ಬುದ್ಧಿ ಬರುತ್ತೆ ಅಂತ ಇವತ್ತಿಗೂ ಹೇಳೋರಿದ್ದಾರೆ, ಒಳ್ಳೆ ಜನಾನೇ ಹೇಳ್ತಾರೆ. ದಯವಿಟ್ಟು ಮಾಡಬೇಡಿ. ಮರಿಗೆ ತಿಳಿಯೋದು ಇಷ್ಟೇ, ಮನುಷ್ಯರ ಎದುರಿಗೆ ಸುಸು ಮಾಡಿದ್ರೆ ಅಪಾಯ. ಮುಂದಿನ ಸಲದಿಂದ ಅದು ಸೋಫಾ ಹಿಂದೆ, ಮಂಚದ ಕೆಳಗೆ ಹೋಗುತ್ತೆ, ನೀವು ಬಾಲ್ಕನಿಗೆ ಕರ್ಕೊಂಡು ಹೋಗಿ ಪಕ್ಕದಲ್ಲಿ ನಿಂತ್ರೆ ಅಲ್ಲೂ ಮಾಡಲ್ಲ, ಯಾಕಂದ್ರೆ ನೀವು ನೋಡ್ತಿದೀರಲ್ಲ. "ನೋಡಿ, ತಪ್ಪು ಮಾಡಿದೀನಿ ಅಂತ ಗೊತ್ತು ಅದಕ್ಕೆ, ಮುಖ ನೋಡಿ" ಅನ್ನೋ ಮಾತೂ ಇದೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ನಾಯಿಗಳ ನಡವಳಿಕೆ ಅಧ್ಯಯನ ಮಾಡೋ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿ ತೋರಿಸಿದ್ರು. ಆ ತಪ್ಪಿತಸ್ಥ ಮುಖ ನಾಯಿ ನಿಜಕ್ಕೂ ತಪ್ಪು ಮಾಡಿದ್ಯಾ ಇಲ್ವಾ ಅನ್ನೋದಕ್ಕೆ ಸಂಬಂಧನೇ ಇರಲಿಲ್ಲ, ಯಜಮಾನ್ರು ಬೈದಾಗ ಬರ್ತಿತ್ತು, ಏನೂ ಮಾಡದ ನಾಯಿಗೂ ಬೈದ್ರೆ ಅದೇ ಮುಖ. ಅಂದ್ರೆ ನಾವು ತಪ್ಪೊಪ್ಪಿಗೆ ಅಂದ್ಕೊಂಡಿದ್ದು ಬರೀ ಹೆದರಿಕೆ.

ಅವ್ವ ಈ ಯಾವ ಅಧ್ಯಯನವನ್ನೂ ಓದಿಲ್ಲ. ಒಂದಿನ ಮನೆಗೆ ಬಂದಿದ್ದ ನೆಂಟರೊಬ್ರು ಶೇಂಗಾ ಮೇಲೆ ಕೈ ಎತ್ತೋಕೆ ಹೋದಾಗ ಕೂತಲ್ಲಿಂದಲೇ ಹೇಳಿದ್ಳು, "ಅದು ಕೂಸು ಐತ್ರೀ. ಕೂಸಿಗೆ ಯಾರರ ಹೊಡೀತಾರೇನು? ನೆಲ ಹೊಲಸಾದ್ರ ತೊಳದ್ರಾತು, ಅದರ ಎದಿಯಾಗ ಅಂಜಿಕಿ ಕೂತ್ರ ಹೆಂಗ ತೊಳೀತೀರಿ?" ನಂಗೆ ಈ ವಿಷಯದಲ್ಲಿ ಇದಕ್ಕಿಂತ ಮೇಲೆ ಹೇಳೋಕೆ ಏನೂ ಇಲ್ಲ.

ಒಂದು ಮಾತು ಮಾತ್ರ ಸೇರಿಸ್ತೀನಿ. ನೀವು ಮನೆಗೆ ಬಂದಾಗ ಬಾಲ ಆಡಿಸ್ತಾ, ಮೈ ಕುಗ್ಗಿಸಿ ನಾಕು ಹನಿ ಬಿಡೋದು ಬೇರೆ, ಅದು ಖುಷಿಗೋ ವಿಧೇಯತೆಗೋ ತಾನಾಗೇ ಆಗೋದು, ಟಾಯ್ಲೆಟ್ ಕಲಿತಿಲ್ಲ ಅಂತ ಅರ್ಥ ಅಲ್ಲ. ಬಂದ ತಕ್ಷಣ ಬಗ್ಗಿ ಮುದ್ದಾಡದೆ ಅದು ಶಾಂತ ಆಗೋ ತನಕ ಸುಮ್ನೆ ಇದ್ರೆ ಬೆಳೀತಾ ಬೆಳೀತಾ ನಿಂತುಹೋಗುತ್ತೆ. ಆದ್ರೆ ಚೆನ್ನಾಗಿ ಕಲಿತಿದ್ದ ಮರಿ ಇದ್ದಕ್ಕಿದ್ದಂತೆ ಗಳಿಗೆಗೊಂದು ಸಲ ಸ್ವಲ್ಪ ಸ್ವಲ್ಪ ಮಾಡೋಕೆ ಶುರು ಮಾಡಿದ್ರೆ, ಮಾಡುವಾಗ ತಿಣುಕಿದ್ರೆ, ಮೂತ್ರದ ಸೋಂಕಿರಬಹುದು, ಅವತ್ತೇ ಡಾಕ್ಟ್ರ ಹತ್ರ ಹೋಗಿ.

ಈಗ ತೊಳೆಯೋ ವಿಚಾರಕ್ಕೆ ಬರೋಣ, ನಂಗೆ ಬಹಳ ಇಷ್ಟದ ಭಾಗ ಇದು. ನಮ್ಮ ಮೂಗಲ್ಲಿ ವಾಸನೆ ಹಿಡಿಯೋ ಗ್ರಾಹಕಗಳು 50-60 ಲಕ್ಷ ಅಂತಾರೆ, ನಾಯಿಗೆ 20 ಕೋಟಿಗೂ ಮೇಲೆ. ನಾವು ಕ್ಲೀನ್ ಆಯ್ತು ಅಂದ್ಕೊಂಡ ಜಾಗ ಅದಕ್ಕೆ ಕ್ಲೀನ್ ಆಗಿರಲ್ಲ, ವಾಸನೆ ಇದ್ದಲ್ಲಿಗೇ ಮತ್ತೆ ಬರುತ್ತೆ. ಉಚ್ಚೆಯಲ್ಲಿರೋ ಯೂರಿಯಾ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಅಮೋನಿಯಾ ಆಗುತ್ತೆ, ಆ ಘಾಟು ಅದರದ್ದೇ. ಅದರ ಮೇಲೆ ಅಮೋನಿಯಾ ಇರೋ ಕ್ಲೀನರ್ ಹಾಕಿದ್ರೆ ಬನ್ನಿ ಇಲ್ಲೇ ಮಾಡಿ ಅಂತ ಕರೆದ ಹಾಗೆ. ಕಪ್ಪು ಫಿನಾಯಿಲ್ಲಂತೂ ಬೇಡ್ವೇ ಬೇಡ, ಮರಿ ಒದ್ದೆ ನೆಲದಲ್ಲಿ ಓಡಾಡುತ್ತೆ, ಆಮೇಲೆ ಪಾದ ನೆಕ್ಕುತ್ತೆ, ಅದರಲ್ಲಿರೋ ಫೀನಾಲ್ ಒಳಗೆ ಹೋಗುತ್ತೆ. ಕೆಲಸ ಮಾಡೋದು ಎಂಜೈಮ್ ಕ್ಲೀನರ್, ಅಂದ್ರೆ ವಾಸನೆ ಮಾಡೋ ಅಂಶವನ್ನೇ ಒಡೆದುಹಾಕೋ ದ್ರವ, ಪೆಟ್ ಶಾಪಲ್ಲಿ ಸಿಗುತ್ತೆ. ಮೊದಲು ಬಟ್ಟೇಲಿ ಹೀರಿಸಿ, ಆಮೇಲೆ ಜಾಗ ಪೂರ್ತಿ ನೆನೆಯೋ ಹಾಗೆ ಇದನ್ನ ಹಾಕಿ, ಹತ್ತು ಹದಿನೈದು ನಿಮಿಷ ಬಿಡ್ಬೇಕು, ಎಂಜೈಮಿಗೆ ಹೊತ್ತು ಬೇಕು, ಪಸೆ ಬೇಕು, ಹಾಕಿದ ತಕ್ಷಣ ಒರೆಸಿದ್ರೆ ದುಡ್ಡು ದಂಡ.

ವಿನೆಗರ್ ಹಾಕಿ ಅಂತ ಎಲ್ಲಾ ಕಡೆ ಹೇಳ್ತಾರೆ, ಅದು ನಿಮ್ಮ ನೆಲ ಯಾವ್ದು ಅನ್ನೋದರ ಮೇಲೆ. ವಿಟ್ರಿಫೈಡ್ ಟೈಲ್ಸಿಗೆ ಪರವಾಗಿಲ್ಲ. ಆದ್ರೆ ಮಾರ್ಬಲ್, ಕಡಪಾ ಕಲ್ಲು, ಕೋಟಾ, ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಇವೆಲ್ಲಾ ಸುಣ್ಣದ ಜಾತಿ ಕಲ್ಲುಗಳು, ಹುಳಿ ಬಿದ್ರೆ ಕೊರೆಯುತ್ತೆ, ಪಾಲಿಷ್ ಹೋಗಿ ಬಿಳೀ ಮಚ್ಚೆ ಉಳಿಯುತ್ತೆ. ಮೊಸಾಯಿಕ್ಕಿಗೂ ಅಷ್ಟೇ, ಸಿಮೆಂಟ್ ಮೇಲೆ ನಿಂತಿರೋ ರೆಡ್ ಆಕ್ಸೈಡ್ ನೆಲಕ್ಕೂ ಅಷ್ಟೇ. ಹಳೇ ರೆಡ್ ಆಕ್ಸೈಡ್ ನೆಲ ಇರೋರಂತೂ ಅದನ್ನ ಕಣ್ಣಿಟ್ಟು ಕಾಪಾಡ್ಕೊಳ್ಳಿ, ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಒರೆಸಿ ಬಂದ ಆ ಹೊಳಪು ಇನ್ನೊಂದ್ಸಲ ಬರಲ್ಲ, ಏಪ್ರಿಲ್ ಬಿಸಿಲಲ್ಲಿ ನಾಯಿ ಹೊಟ್ಟೆ ಚಾಚಿ ಮಲಗೋಕೂ ಅದಕ್ಕಿಂತ ತಂಪು ನೆಲ ಇಲ್ಲ. ನೀರು, ಸೌಮ್ಯ ಸೋಪು, ಎಂಜೈಮ್, ಅಷ್ಟೇ ಸಾಕು. ಟೈಲ್ಸ್ ಮನೆಗಳಲ್ಲಿ ಟೈಲ್ಸಿಗಿಂತ ಮಧ್ಯದ ಗ್ರೌಟ್ ಗೆರೆಗಳದ್ದೇ ತಲೆನೋವು, ಹೀರ್ಕೊಳ್ಳೋದು ಅದೇ. ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ರೆ ಒಣಗಿದ ಉಚ್ಚೆ ಮಿನುಗುತ್ತೆ, ನಮ್ಮನೇಲಿ ಸೋಫಾ ಕಾಲಿನ ಹತ್ರ ಗ್ರೌಟಿನುದ್ದಕ್ಕೂ ಒಂದು ಗೆರೆ ಹಾಗೇ ಕಂಡಿತ್ತು. ಮರಿಗೆ ಪಾರ್ವೋ ಬಂದಿದ್ದ ಮನೆ ಆದ್ರೆ ಗಟ್ಟಿ ನೆಲಕ್ಕೆ ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಹಾಕ್ಬೇಕು, ಹತ್ತು ನಿಮಿಷ ಬಿಡ್ಬೇಕು, ಆದ್ರೆ ಉಚ್ಚೆ ಪೂರ್ತಿ ತೊಳೆದ ಮೇಲೆ ಮಾತ್ರ. ಬ್ಲೀಚು ಅಮೋನಿಯಾ ಸೇರಿದ್ರೆ, ಅಥವಾ ಬ್ಲೀಚು ವಿನೆಗರ್ ಸೇರಿದ್ರೆ ವಿಷಗಾಳಿ ಬರುತ್ತೆ.

ಜಮಖಾನೆ ಪೂರ್ತಿ ತಪ್ಪಿಸ್ಕೊಂಡಿತಾ? ಇಲ್ಲ. ನಾಕು ತಿಂಗಳು ತುಂಬಿದ ಮೇಲೆ ಒಂದು ಹಬ್ಬಕ್ಕೆ ಹಾಸಿದ್ವಿ, ಮನೆ ತುಂಬ ಜನ, ಗಲಾಟೆ, ಶೇಂಗಾ ನವಿಲಿನ ಮೇಲೇ ಕೂತ್ಬಿಟ್ಳು. ಅವ್ವ ಎದ್ದು ಅಜ್ಜನ ಹಳೇ ಪಂಚೆ ತಂದು ನಾಕು ಮಡಿಕೆ ಮಾಡಿ ಅದರ ಮೇಲಿಟ್ಟು ಹಿಮ್ಮಡಿಯಿಂದ ಒತ್ತಿ ನಿಂತ್ಳು. ಉಜ್ಜಲಿಲ್ಲ. ಉಜ್ಜಿದ್ರೆ ನೂಲಿನ ಒಳಕ್ಕೆ ಇಳಿಯುತ್ತೆ, ಬಣ್ಣವೂ ಹರಡುತ್ತೆ. ಪಂಚೆ ಒದ್ದೆ ಆದ ಹಾಗೆ ಮಗ್ಗುಲು ಬದಲಾಯಿಸಿ ಮತ್ತೆ ಒತ್ತು. ಒಂದು ಮೂಲೇಲಿ ಬಿಳೀ ಒದ್ದೆ ಬಟ್ಟೆ ಒತ್ತಿ ಬಣ್ಣ ಬಿಡುತ್ತಾ ನೋಡಿದ್ವಿ, ಕೆಂಪು ಚೂರೇ ಚೂರು ಬಿಡ್ತು, ಅದಕ್ಕೆ ನೆನೆಹಾಕೋದು ಬೇಡ ಅಂತ ನಿರ್ಧಾರ ಆಯ್ತು. ತಣ್ಣೀರು, ಬಿಸಿನೀರಲ್ಲ. ಆ ಜಾಗಕ್ಕೆ ಮಾತ್ರ ಎಂಜೈಮ್, ಆಮೇಲೆ ಅಂಟವಾಳದ ನೊರೆ ತೆಳ್ಳಗೆ, ಮತ್ತೆ ತಣ್ಣೀರು, ಮತ್ತೆ ಪಂಚೆ. ಬಾಲ್ಕನಿ ಕಂಬಿ ಮೇಲೆ ನೆರಳಲ್ಲಿ, ಕೆಳಗೂ ಮೇಲೂ ಗಾಳಿ ಆಡೋ ಹಾಗೆ ಒಣಗಿಸಿದ್ವಿ. ಒದ್ದೆಯಲ್ಲೇ ಮಡಚಿದ್ರೆ ಬೂಸ್ಟು ಹಿಡಿಯುತ್ತೆ, ಮಳೆಗಾಲದಲ್ಲಂತೂ ಫ್ಯಾನ್ ಕೆಳಗೆ ಎರಡು ದಿನ ಬಿಡ್ಬೇಕಾಗುತ್ತೆ. ಈಗ ನವಿಲು ನೋಡಿದ್ರೆ ಎಲ್ಲಿ ಆಗಿತ್ತು ಅಂತ ನಂಗೇ ಹೇಳೋಕಾಗಲ್ಲ. ಹತ್ತಿ ನೂಲಿನ ಗಟ್ಟಿ ನೇಯ್ಗೆ ದೊಡ್ಡದು, ಮೆಷಿನ್ ಕಾರ್ಪೆಟ್ ಆಗಿದ್ರೆ ತಳದ ರಬ್ಬರಿಗೆ ಇಳಿದು ಅಲ್ಲೇ ನಾರ್ತಿತ್ತು.

ಹಲ್ಲಿನ ಕಾಲ ಬೇರೆಯದೇ ಪರೀಕ್ಷೆ. 28 ಹಾಲುಹಲ್ಲು ಮೂರು ನಾಲ್ಕು ತಿಂಗಳಿಂದ ಬೀಳೋಕೆ ಶುರುವಾಗಿ ಆರೇಳು ತಿಂಗಳಿಗೆ 42 ಹಲ್ಲು ಬರುತ್ತೆ, ಅಷ್ಟು ದಿನ ವಸಡು ನವೆ. ಕೌದಿ ಅಂಚು, ಬಾಗಿಲ ಚೌಕಟ್ಟು, ಚಪ್ಪಲಿ, ಸಿಕ್ಕಿದ್ದೆಲ್ಲಾ. ಇಲ್ಲಿ ಹಾಸಿಗಿಂತ ಮರಿ ಬಗ್ಗೆ ಹೆದರಿಕೊಳ್ಳಿ. ಜಮಖಾನೆ ಕುಚ್ಚು, ಕಾರ್ಪೆಟ್ಟಿನ ಉದ್ದ ದಾರ ನುಂಗಿದ್ರೆ ಒಂದು ತುದಿ ಸಿಕ್ಕಿಹಾಕ್ಕೊಂಡು ಕರುಳು ಅದರ ಮೇಲೆ ನೆರಿಗೆ ಥರ ಮುದುಡುತ್ತೆ, ಆಪರೇಷನ್ನೇ ಗತಿ. ಗುದದಲ್ಲೋ ಬಾಯಲ್ಲೋ ದಾರ ಕಂಡ್ರೆ ಎಳೀಬೇಡಿ, ಡಾಕ್ಟ್ರ ಹತ್ರ ಓಡಿ. ಕುಚ್ಚಿರೋದನ್ನ ಎತ್ತಿಡಿ, ಕೌದಿ ಅಂಚು ಬಿಟ್ಟಿದ್ರೆ ಹೊಲಿಯಿರಿ. ಫ್ರೀಜರಲ್ಲಿಟ್ಟ ಗಜ್ಜರಿ, ಹಳೇ ಟವೆಲ್ ಗಂಟು ಹಾಕಿ ಒದ್ದೆ ಮಾಡಿ ಫ್ರೀಜರಲ್ಲಿಟ್ಟದ್ದು, ಇವೆರಡೂ ನಮ್ಮನೆ ಸೋಫಾ ಉಳಿಸಿದವು. ಟವೆಲ್ ಕೊಟ್ಟಾಗ ಎದುರಿಗೇ ಕೂತಿರ್ಬೇಕು, ದಾರ ಬಿಡೋಕೆ ಶುರುವಾದ್ರೆ ವಾಪಸ್.

ಬರೀಲೇಬೇಕಾದ ಇನ್ನೊಂದು ವಿಷಯ ಇದೆ, ನಾಯಿ ಸಾಕೋ ಮನೆಗಳಲ್ಲಿ ಇದನ್ನ ಯಾರೂ ಎತ್ತೋದೇ ಇಲ್ಲ. ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ನೆಲ ಒರೆಸೋರು ನಾವಲ್ಲ. ಶೇಂಗಾ ಬರೋ ಮುಂಚೆ ನಮ್ಮನೆ ಕೆಲಸಕ್ಕೆ ಬರೋ ಅಕ್ಕನ ಹತ್ರ ಕೂತು ಮಾತಾಡಿದ್ವಿ. ಅವರು ಹೇಳಿದ್ದು ಹಾಗೇ ಬರೀತೀನಿ, "ನಂಗೆ ಮರಿ ಮೇಲೆ ಕೋಪ ಇಲ್ಲ ಕಣಕ್ಕ, ಆದ್ರೆ ಇಲ್ಲಿಂದ ಇನ್ನೂ ಮೂರು ಮನೆಗೆ ಹೋಗ್ಬೇಕು, ಸೀರೆಗೆ ವಾಸ್ನೆ ಹತ್ಕೊಂಡ್ರೆ ಅವ್ರು ಏನಂತಾರೆ?" ಅವತ್ತೇ ತೀರ್ಮಾನ ಆಯ್ತು, ಮರಿದು ಏನಿದ್ರೂ ನಾವೇ ಎತ್ತೋದು, ನಾವೇ ಒರೆಸೋದು, ಅದಕ್ಕೆ ಬೇರೆ ಬಕೆಟ್ಟು ಬೇರೆ ಮಾಪು. ಅವರು ಬರೋ ಅರ್ಧ ಗಂಟೆ ಮುಂಚೆ ಒಂದು ಸುತ್ತು ನೋಡಿ ಇಡೋದು. ಕೂದಲು ಉದುರೋದರಿಂದ ಗುಡಿಸೋ ಕೆಲಸ ಹೆಚ್ಚಾಯ್ತು, ಅದಕ್ಕೆ ಸಂಬಳ ಹೆಚ್ಚು ಮಾಡಿದ್ವಿ. ನಾಯಿ ಮೇಲಿನ ಪ್ರೀತಿ ನಮ್ಮದು ಅಂದ ಮೇಲೆ ಅದರ ಕಕ್ಕ ಬಳಿಯೋ ಕೆಲಸ ಇನ್ನೊಬ್ಬರ ತಲೆಗೆ ಕಟ್ಟೋದು ನ್ಯಾಯ ಅಲ್ಲ, ಇದರಲ್ಲಿ ನಂಗೆ ಎರಡು ಮಾತಿಲ್ಲ.

ಅವ್ವನಿಗೂ ದೇವರ ಮನೆ ವಿಷಯದಲ್ಲಿ ತನ್ನದೇ ಮಡಿ ಇತ್ತು. ದೇವರ ಮನೆ ಬಾಗಿಲಿಗೆ ಇನ್ನೊಂದು ಗಿಡ್ಡ ಗೇಟ್ ಬಂತು, ಶೇಂಗಾ ಅದರ ಈಚೆ ಕೂತು ಗಂಟೆ ಶಬ್ದಕ್ಕೆ ಕಿವಿ ನಿಮಿರಿಸ್ತಾಳೆ. ಬಾಗಿಲ ಮುಂದಿನ ರಂಗೋಲಿ ಮಾತ್ರ ಉಳಿಸೋಕಾಗಲಿಲ್ಲ, ವಾಕಿಂಗ್ ಮುಗಿಸಿ ಬರುವಾಗ ಚುಕ್ಕಿ ಮೇಲೇ ಕಾಲಿಟ್ಟು ಒಳಗೆ ಹಾಲ್ ತುಂಬ ಬಿಳೀ ಪಾದ ಮೂಡಿಸ್ತಾಳೆ. "ಇರ್ಲಿ ಬಿಡು, ಕೃಷ್ಣಾಷ್ಟಮಿಗೆ ನಾವ ಬರೀತೀವಲ್ಲ, ಇಕಿ ದಿನಾ ಬರೀತಾಳ" ಅಂದ್ಳು ಅವ್ವ. ಹೊಸ್ತಿಲಲ್ಲಿ ಒಂದು ಒದ್ದೆ ಗೋಣಿತಾಟು, ಪಕ್ಕದಲ್ಲಿ ಪಾದ ಒರೆಸೋ ಟವೆಲ್, ಮೊದಲ ದಿನದಿಂದಲೇ ಪಾದ ಕೈಗೆ ಕೊಡೋದು ಕಲಿಸಿದ್ರೆ ದೊಡ್ಡವಳಾದ ಮೇಲೆ ಮಳೆಗಾಲದಲ್ಲಿ ಕಷ್ಟ ಇಲ್ಲ. ಉಗುರು ಕತ್ತರಿಸೋಕೂ ಅದೇ ಅಭ್ಯಾಸ ಉಪಯೋಗಕ್ಕೆ ಬರುತ್ತೆ. ಉಗುರು ಗಿಡ್ಡ ಇದ್ರೆ ನೆಲಕ್ಕೆ ಗೀರು ಕಡಿಮೆ, ಅವಳ ಹೆಜ್ಜೆಗೆ ಹಿಡಿತ ಹೆಚ್ಚು.

ಈಗ ಶೇಂಗಾಗೆ ವರ್ಷ ದಾಟಿದೆ. ಲಸಿಕೆ ಎಲ್ಲಾ ಮುಗಿದು ಹೊರಗೆ ಹೋಗೋಕೆ ಶುರು ಮಾಡಿದ ಮೇಲೆ ಬಾಲ್ಕನಿ ಹುಲ್ಲು ಬಹಳ ದಿನ ಬೇಕಾಗಲಿಲ್ಲ, ಆದ್ರೂ ತೆಗೆದಿಲ್ಲ, ದೀಪಾವಳಿ ರಾತ್ರಿ ಪಟಾಕಿಗೆ ಹೆದರಿ ರಸ್ತೆಗೆ ಇಳಿಯಲ್ಲ ಅಂದಾಗ ಅದೇ ದಿಕ್ಕು. ಜಮಖಾನೆ ಹಾಲಿಗೆ ವಾಪಸ್ ಬಂದಿದೆ, ಸಂಜೆ ಹೊತ್ತು ಎಲ್ಲರೂ ಅದರ ಮೇಲೇ ಕೂರೋದು, ಅವಳೂ.

ಕೆಳಗಿನ ಫ್ಲೋರಿನವರು ಮುಂದಿನ ವಾರ ಲ್ಯಾಬ್ರಡಾರ್ ಮರಿ ತರ್ತಿದಾರೆ, ಏನೇನು ಬೇಕು ಅಂತ ಮೊನ್ನೆ ಲಿಫ್ಟಲ್ಲಿ ಕೇಳಿದ್ರು. ಅದು ತೂಕದ ತಳಿ, ಸೊಂಟದ ತೊಂದ್ರೆ ಆ ತಳೀಲಿ ಸಾಮಾನ್ಯ, ಹಾಗಾಗಿ ಆಟಿಕೆ, ಬೆಲ್ಟು ಎಲ್ಲಾ ಆಮೇಲೆ, ಮೊದಲು ರಬ್ಬರ್ ಜಾಲಿ ತಂದು ಮರಿ ಓಡಾಡೋ ದಾರಿಗೆಲ್ಲಾ ಹಾಸಿ ಅಂತ ಹೇಳಿದೆ. ನಮ್ಮಲ್ಲಿ ಉಳಿದಿರೋ ಎರಡು ಕೌದಿ, ಹುಲ್ಲಿಗೆ ಒಂದು ಟ್ರೇ, ಅರ್ಧ ಬಾಟ್ಲು ಎಂಜೈಮ್ ಕ್ಲೀನರ್ ಭಾನುವಾರ ಕೊಟ್ಟು ಬರ್ತೀನಿ. ಅವರ ಮನೆಯದ್ದು ಪೂರ್ತಿ ಮಾರ್ಬಲ್, ವಿನೆಗರ್ ಮುಟ್ಟಬೇಡಿ ಅನ್ನೋದನ್ನ ಅವರ ಕೆಲಸದವರಿಗೂ ಹೇಳ್ಬೇಕು.